ಪ್ರವೇಶದಿಂದ ಪದವಿಯವರೆಗೆ: ಅಂಕಿ-ಅಂಶ, ಒಡನಾಟ ಮತ್ತು ಸಮತೆ

ಒಂದು ಕಾಲೇಜು ಎಷ್ಟು ಮಂದಿಗೆ ಪ್ರವೇಶ ನೀಡಿತು ಎಂಬುದನ್ನು ಅದರ ಪ್ರವೇಶ ದಾಖಲೆಯೇ ಹೇಳುತ್ತದೆ. ಹಾಗೆ ಬಂದವರಲ್ಲಿ ಎಷ್ಟು ಮಂದಿ ಪದವಿ ಪೂರೈಸಿದರು, ಪೂರೈಸದೆ ಹೋದವರು ಯಾರು, ಅವರು ಯಾವ ಹಂತದಲ್ಲಿ ಯಾವ ಕಾರಣದಿಂದ ಬಿಟ್ಟುಹೋದರು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಹಲವು ವರ್ಷಗಳ ದಾಖಲೆಗಳನ್ನು ಒಟ್ಟಿಗಿಟ್ಟು ಓದಬೇಕಾಗುತ್ತದೆ. ಉನ್ನತ ಶಿಕ್ಷಣದಲ್ಲಿ ಸಾಮಾಜಿಕ ನ್ಯಾಯವನ್ನು ಕುರಿತ ಚರ್ಚೆ ಬಹುಕಾಲ ಪ್ರವೇಶದ ಬಾಗಿಲಿನಲ್ಲಿಯೇ ನಿಂತಿತ್ತು. ನಮ್ಮ ದೇಶದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ 18ರಿಂದ 23ರ ವಯೋಮಾನದವರ ಒಟ್ಟು ದಾಖಲಾತಿ ಅನುಪಾತ ಶೇಕಡಾ 28.4, ಪರಿಶಿಷ್ಟ ಜಾತಿಯವರದು 25.9, ಪರಿಶಿಷ್ಟ ಪಂಗಡದವರದು 21.2. ಈ ಅಂತರಗಳು ಗಂಭೀರವಾದವು. ಆದರೆ ಅವು ಕಾಲೇಜಿಗೆ ಸೇರಿದವರ ಲೆಕ್ಕ. ಸೇರಿದ ಮೇಲೆ ನಡೆಯುವುದೇನು ಎಂಬುದು ಬೇರೆಯೇ ಅಧ್ಯಾಯ. ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಕೆಲವು ವಿಶ್ವವಿದ್ಯಾಲಯಗಳು ಆ ಅಧ್ಯಾಯವನ್ನು ಎಚ್ಚರದಿಂದ ಓದತೊಡಗಿವೆ.

ಸಮಾನತೆ ಮತ್ತು ಸಮತೆ

ಈ ಚರ್ಚೆಯಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಎಲ್ಲರಿಗೂ ಒಂದೇ ತರಗತಿ, ಒಂದೇ ಪುಸ್ತಕ, ಒಂದೇ ಪರೀಕ್ಷೆ ಎಂಬುದು ಸಮಾನತೆ. ಯಾರು ಎಲ್ಲಿಂದ ಹೊರಟಿದ್ದಾರೆ ಎಂಬುದನ್ನು ಗಮನಿಸಿ, ಗುರಿ ಮುಟ್ಟಲು ಅವರವರಿಗೆ ಬೇಕಾದ ಬೆಂಬಲವನ್ನು ಒದಗಿಸುವುದು ಸಮತೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೂ ಅಧ್ಯಾಪಕರ ಮನೆಯಿಂದ ಬಂದ ಹುಡುಗನಿಗೂ ಒಂದೇ ಸೂಚನಾ ಫಲಕವನ್ನು ತೋರಿಸಿದರೆ ಸಮಾನತೆ ಪಾಲಿಸಿದಂತಾಯಿತು. ಆ ಫಲಕದ ಭಾಷೆ ಆಕೆಗೆ ಅರ್ಥವಾಯಿತೆ, ಅರ್ಥವಾಗದಿದ್ದರೆ ಯಾರನ್ನು ಕೇಳಬೇಕೆಂದು ಆಕೆಗೆ ತಿಳಿದಿದೆಯೆ ಎಂದು ವಿಚಾರಿಸಿದಾಗ ಸಮತೆಯ ಕೆಲಸ ಆರಂಭವಾಗುತ್ತದೆ.

ಇಂಥ ವಿಚಾರಣೆಗೆ ಅಂಕಿ-ಅಂಶ ಏಕೆ ಬೇಕು ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಕಾಲೇಜಿನಲ್ಲಿ 200 ಮಂದಿ ಪರೀಕ್ಷೆಗೆ ಕುಳಿತರು, 160 ಮಂದಿ ತೇರ್ಗಡೆಯಾದರು ಎಂದಿಟ್ಟುಕೊಳ್ಳೋಣ. ಫಲಿತಾಂಶ ಶೇಕಡಾ 80. ವಾರ್ಷಿಕ ವರದಿಯಲ್ಲಿ ನಿಸ್ಸಂಕೋಚವಾಗಿ ಅಚ್ಚು ಮಾಡಬಹುದಾದ ಅಂಕಿ. ಈಗ ಅದೇ ಲೆಕ್ಕವನ್ನು ಬಿಡಿಸಿ ನೋಡಿದರೆ, 200ರಲ್ಲಿ 40 ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಅವರಲ್ಲಿ ತೇರ್ಗಡೆಯಾದವರು 20 ಮಂದಿ, ಎಂದರೆ ಶೇಕಡಾ 50. ಉಳಿದ 160ರಲ್ಲಿ 140 ಮಂದಿ ತೇರ್ಗಡೆಯಾಗಿದ್ದಾರೆ, ಎಂದರೆ ಶೇಕಡಾ 87.5. ಒಟ್ಟು ಮೊತ್ತದಲ್ಲಿ ಕಾಣದ ಕಂದರವೊಂದು ಬಿಡಿಸಿದ ಲೆಕ್ಕದಲ್ಲಿ ಬಾಯ್ದೆರೆದು ನಿಲ್ಲುತ್ತದೆ. ಸರಾಸರಿ ಸುಳ್ಳು ಹೇಳುವುದಿಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ, ಅಷ್ಟೆ. ಆದುದರಿಂದ ಈ ಕ್ಷೇತ್ರದ ಮೊದಲ ಪಾಠವೆಂದರೆ ಮೊತ್ತವನ್ನು ಬಿಡಿಸಿ ಓದುವುದು.

ಅಟ್ಲಾಂಟಾದ ನಿದರ್ಶನ

ಈ ಬಗೆಯ ಓದನ್ನು ಕ್ರಮವಾಗಿ ಕೈಗೊಂಡ ಸಂಸ್ಥೆಗಳಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. 1913ರಲ್ಲಿ ಸಂಜೆ ಕಾಲೇಜಾಗಿ ಆರಂಭಗೊಂಡ ಈ ಸಂಸ್ಥೆ 1960ರ ದಶಕದ ಆರಂಭದವರೆಗೂ ಕರಿಯ ವಿದ್ಯಾರ್ಥಿಗಳನ್ನು ಹೊರಗಿಟ್ಟಿತ್ತು. ಅರ್ಜಿದಾರರು ಹಳೆಯ ವಿದ್ಯಾರ್ಥಿಗಳಿಂದ ಶಿಫಾರಸು ಪತ್ರ ತರಬೇಕೆಂಬ ನಿಯಮ ಅಲ್ಲಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲರೂ ಬಿಳಿಯರಾಗಿದ್ದ ಕಾರಣ ಆ ನಿಯಮ ಬೀಗದ ಕೆಲಸ ಮಾಡುತ್ತಿತ್ತು. 1959ರಲ್ಲಿ ನ್ಯಾಯಾಲಯವು ಆ ನಿಯಮದ ವಿರುದ್ಧ ತೀರ್ಪು ನೀಡಿತು. ಕಾಲಕ್ರಮದಲ್ಲಿ ಬಾಗಿಲು ತೆರೆಯಿತು. ಶತಮಾನದ ಕೊನೆಯ ಹೊತ್ತಿಗೆ ಅದು ದೊಡ್ಡ ಸಂಖ್ಯೆಯ ಕರಿಯ, ಲ್ಯಾಟಿನೋ ಮತ್ತು ಬಡ ಕುಟುಂಬಗಳ ವಿದ್ಯಾರ್ಥಿಗಳು ಓದುವ ವಿಶ್ವವಿದ್ಯಾಲಯವಾಗಿತ್ತು.

ಆದರೆ ಬಾಗಿಲು ತೆರೆದುದರಿಂದಲೇ ಎಲ್ಲವೂ ಸರಿಹೋಗಲಿಲ್ಲ. 2003ರ ಲೆಕ್ಕದಂತೆ ಅಲ್ಲಿಗೆ ಸೇರಿದವರಲ್ಲಿ ಆರು ವರ್ಷಗಳೊಳಗೆ ಪದವಿ ಪಡೆಯುತ್ತಿದ್ದವರು ಶೇಕಡಾ 32 ಮಾತ್ರ. ಬಿಡಿಸಿ ನೋಡಿದಾಗ ಕರಿಯ ವಿದ್ಯಾರ್ಥಿಗಳಲ್ಲಿ ಶೇಕಡಾ 29, ಲ್ಯಾಟಿನೋ ವಿದ್ಯಾರ್ಥಿಗಳಲ್ಲಿ 22, ಕರಿಯ ಹುಡುಗರಲ್ಲಿ 18. ಉಳಿದವರು ಸಾಲದ ಹೊರೆ ಹೊತ್ತು ಪದವಿಯಿಲ್ಲದೆ ಹೊರನಡೆಯುತ್ತಿದ್ದರು. ಇಂಥ ಅಂಕಿಗಳ ಎದುರು ಸಂಸ್ಥೆಗಳು ಸಾಮಾನ್ಯವಾಗಿ ಕೊಡುವ ವಿವರಣೆ ಒಂದೇ: ವಿದ್ಯಾರ್ಥಿಗಳ ಶಾಲಾ ತಯಾರಿ ಸಾಲದು, ಮನೆಯ ಸ್ಥಿತಿ ಸರಿಯಿಲ್ಲ. ಟಿಮೊಥಿ ರೆನಿಕ್ ಎಂಬ ಆಡಳಿತಗಾರರ ಮುಂದಾಳುತನದಲ್ಲಿ ಜಾರ್ಜಿಯಾ ಸ್ಟೇಟ್ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡಿತು: ವಿದ್ಯಾರ್ಥಿಗಳು ಎಡವುವ ಕಲ್ಲುಗಳಲ್ಲಿ ಸಂಸ್ಥೆಯೇ ತಂದಿಟ್ಟವು ಎಷ್ಟು? ಮುಂದೆ ನಡೆದ ಬದಲಾವಣೆಗಳೆಲ್ಲವೂ ಈ ಒಂದು ಪ್ರಶ್ನೆಯಿಂದ ಹುಟ್ಟಿದವು.

ಹಳೆಯ ದಾಖಲೆ, ಹೊಸ ಓದು

ವಿಶ್ವವಿದ್ಯಾಲಯವು ಹತ್ತು ವರ್ಷಗಳ ಶೈಕ್ಷಣಿಕ ದಾಖಲೆಗಳನ್ನು, ಸುಮಾರು 25 ಲಕ್ಷ ಅಂಕಪಟ್ಟಿಯ ನಮೂದುಗಳನ್ನು ಪರಿಶೀಲಿಸಿ, ವಿದ್ಯಾರ್ಥಿ ದಾರಿ ತಪ್ಪುತ್ತಿರುವುದನ್ನು ಮುಂಚಿತವಾಗಿ ಸೂಚಿಸುವ 800ಕ್ಕೂ ಹೆಚ್ಚು ಲಕ್ಷಣಗಳನ್ನು ಗುರುತಿಸಿತು. ಅವುಗಳಲ್ಲಿ ಕೆಲವು ಅನಿರೀಕ್ಷಿತವಾಗಿದ್ದವು. ತಾನು ಆಯ್ದ ಮುಖ್ಯ ವಿಷಯದ ಮೊದಲ ಪತ್ರಿಕೆಯಲ್ಲಿ ಸಾಧಾರಣ ಅಂಕ ಪಡೆದು ಪಾರಾದ ವಿದ್ಯಾರ್ಥಿಯ ಬಗ್ಗೆ ಯಾರೂ ಚಿಂತಿಸುತ್ತಿರಲಿಲ್ಲ. ತೇರ್ಗಡೆಯಾಗಿದ್ದಾನಲ್ಲ ಎಂದು ಮುಂದಿನ ಕಠಿಣ ಪತ್ರಿಕೆಗೆ ಕಳುಹಿಸಲಾಗುತ್ತಿತ್ತು. ಆದರೆ ಹಾಗೆ ಅಂಚಿನಲ್ಲಿ ದಾಟಿದವರಲ್ಲಿ ಆ ವಿಷಯದಲ್ಲಿ ಪದವಿ ಪಡೆದವರು ತೀರ ಕಡಿಮೆ ಎಂಬುದನ್ನು ಹಳೆಯ ದಾಖಲೆಗಳು ತೋರಿಸಿದವು. ಅನುತ್ತೀರ್ಣನಾದ ಮೇಲೆ ನೀಡುವ ನೆರವು ತಡವಾದ ನೆರವು ಎಂಬುದು ಇದರಿಂದ ಸ್ಪಷ್ಟವಾಯಿತು.

2012ರಲ್ಲಿ ಜಾರಿಗೆ ಬಂದ ಮಾರ್ಗದರ್ಶನ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಯ ದಾಖಲೆ ದಿನಂಪ್ರತಿ ಪರಿಶೀಲನೆಗೆ ಒಳಗಾಗುತ್ತದೆ. ಅಗತ್ಯವಿಲ್ಲದ ಪತ್ರಿಕೆಗೆ ನೋಂದಾಯಿಸಿಕೊಂಡರೆ, ಮುಖ್ಯ ಪತ್ರಿಕೆಯಲ್ಲಿ ಹಿಂದುಳಿದರೆ ಸಲಹೆಗಾರರಿಗೆ ಸೂಚನೆ ಹೋಗುತ್ತದೆ. ಅವರು ವಿದ್ಯಾರ್ಥಿಯನ್ನು ಕರೆದು ಮಾತನಾಡುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಣಕಯಂತ್ರದ ವ್ಯವಸ್ಥೆಯನ್ನು ಕೊಂಡು ತಂದು ವಿಶ್ವವಿದ್ಯಾಲಯ ಕೈತೊಳೆದುಕೊಳ್ಳಲಿಲ್ಲ. ಅದೇ ವರ್ಷ 42 ಮಂದಿ ಹೊಸ ಸಲಹೆಗಾರರನ್ನು ನೇಮಿಸಿಕೊಂಡಿತು. ಅದಕ್ಕೆ ಮೊದಲು ಒಬ್ಬ ಸಲಹೆಗಾರರ ಪಾಲಿಗೆ 700ಕ್ಕೂ ಮಿಕ್ಕ ವಿದ್ಯಾರ್ಥಿಗಳಿದ್ದರು. ಆ ಸಂಖ್ಯೆ ಸುಮಾರು 300ಕ್ಕೆ ಇಳಿಯಿತು. ಸೂಚನೆಗಳ ಬೆನ್ನಿಗೆ ವರ್ಷಕ್ಕೆ ಹತ್ತಾರು ಸಾವಿರ ಮುಖಾಮುಖಿ ಭೇಟಿಗಳು ನಡೆದವು. ಅಂಕಿ ಹೇಳಿದ್ದನ್ನು ಕೇಳಿಸಿಕೊಂಡು ವಿದ್ಯಾರ್ಥಿಯ ಬಳಿಗೆ ಹೋಗುವ ಮನುಷ್ಯರಿಲ್ಲದಿದ್ದರೆ ಎಂಟುನೂರು ಲಕ್ಷಣಗಳ ಪಟ್ಟಿ ಕಡತವಾಗಿಯೇ ಉಳಿಯುತ್ತಿತ್ತು.

ಕಡಿಮೆ ಬಿದ್ದ ಹಣ, ಕೇಳಲಾಗದ ಪ್ರಶ್ನೆ

ಅಂಕಪಟ್ಟಿಯಾಚೆಗಿನ ಎರಡು ಕ್ರಮಗಳು ಈ ವಿಶ್ವವಿದ್ಯಾಲಯದ ಪ್ರಯೋಗವನ್ನು ಇನ್ನಷ್ಟು ಚೆನ್ನಾಗಿ ವಿವರಿಸುತ್ತವೆ. ಮೊದಲನೆಯದು ಶುಲ್ಕಕ್ಕೆ ಸಂಬಂಧಿಸಿದ್ದು. ಪ್ರತಿ ಅವಧಿಯ ಆರಂಭದಲ್ಲಿ ಶುಲ್ಕ ಬಾಕಿಯ ಕಾರಣದಿಂದ ಸಾವಿರಕ್ಕೂ ಹೆಚ್ಚು ಹೆಸರುಗಳು ದಾಖಲಾತಿಯಿಂದ ತೆಗೆದುಹಾಕಲ್ಪಡುತ್ತಿದ್ದವು. ಆ ಪಟ್ಟಿಯನ್ನು ಬಿಡಿಸಿ ಓದಿದಾಗ, ಚೆನ್ನಾಗಿಯೇ ಓದುತ್ತಿದ್ದ, ಪದವಿಗೆ ಹತ್ತಿರವಾಗಿದ್ದ ಹಲವರು ಕೆಲವೇ ನೂರು ಡಾಲರುಗಳ ಕೊರತೆಯಿಂದ ಹೊರಬೀಳುತ್ತಿರುವುದು ತಿಳಿಯಿತು. 2011ರಿಂದ ಅಂಥವರಿಗೆ ಕಿರು ಅನುದಾನ ಕೊಡುವ ಪದ್ಧತಿ ಆರಂಭವಾಯಿತು. ಸರಾಸರಿ ಮೊತ್ತ ಸುಮಾರು 900 ಡಾಲರ್. ಇದಕ್ಕೆ ವಿದ್ಯಾರ್ಥಿ ಅರ್ಜಿ ಹಾಕಬೇಕಾಗಿಲ್ಲ. ಅರ್ಹರನ್ನು ದಾಖಲೆಯಿಂದ ಗುರುತಿಸಿ ಕಚೇರಿಯೇ ಸಂಪರ್ಕಿಸುತ್ತದೆ. ಅರ್ಜಿಯ ವಿಷಯ ಗೊತ್ತಿಲ್ಲದವರು, ಕೇಳಲು ಸಂಕೋಚಪಡುವವರು ಬಹುಮಟ್ಟಿಗೆ ಬಡ ಮನೆಗಳ ಮಕ್ಕಳೇ ಆಗಿರುವುದರಿಂದ ಈ ಸಣ್ಣ ವ್ಯತ್ಯಾಸವೇ ಸಮತೆಯ ದೊಡ್ಡ ಹೆಜ್ಜೆಯಾಯಿತು. ಉಳಿದುಕೊಂಡ ವಿದ್ಯಾರ್ಥಿ ಮುಂದೆಯೂ ಶುಲ್ಕ ಕಟ್ಟುವುದರಿಂದ ಈ ಖರ್ಚು ಸಂಸ್ಥೆಗೆ ನಷ್ಟವನ್ನೂ ತರಲಿಲ್ಲ.

ಎರಡನೆಯದು ಪ್ರವೇಶ ಖಚಿತವಾದ ಮೇಲೂ ತರಗತಿಗೆ ಬಾರದೆ ಹೋಗುವವರದು. ಸೀಟು ಒಪ್ಪಿಕೊಂಡು, ಬೇಸಗೆ ರಜೆ ಮುಗಿಯುವಷ್ಟರಲ್ಲಿ ಕಾಣೆಯಾಗುವ ಈ ವಿದ್ಯಮಾನವನ್ನು ಅಲ್ಲಿ ‘ಬೇಸಗೆಯ ಕರಗುವಿಕೆ’ ಎಂದೇ ಕರೆಯುತ್ತಾರೆ. ನೆರವಿನ ಅರ್ಜಿ, ಲಸಿಕೆಯ ದಾಖಲೆ, ವಸತಿ ನೋಂದಣಿ ಮೊದಲಾದ ಕಾಗದಪತ್ರಗಳ ನಡುವೆ ದಾರಿ ಕಾಣದೆ ನಿಂತವರೇ ಇವರಲ್ಲಿ ಹೆಚ್ಚು. 2016ರ ಬೇಸಗೆಯಲ್ಲಿ ವಿಶ್ವವಿದ್ಯಾಲಯವು ಮೊಬೈಲ್ ಸಂದೇಶಗಳಿಗೆ ಉತ್ತರಿಸುವ ‘ಪೌನ್ಸ್’ ಎಂಬ ಯಾಂತ್ರಿಕ ಸಹಾಯಕವನ್ನು ಬಳಕೆಗೆ ತಂದಿತು. ಒಂದು ಗುಂಪಿಗೆ ಅದರ ಸೌಲಭ್ಯ ನೀಡಿ, ಇನ್ನೊಂದು ಗುಂಪನ್ನು ಎಂದಿನ ವ್ಯವಸ್ಥೆಯಲ್ಲೇ ಇರಿಸಿ ಹೋಲಿಸಲಾಯಿತು. ಸೌಲಭ್ಯ ಪಡೆದವರಲ್ಲಿ ಕರಗುವಿಕೆ ಶೇಕಡಾ 21ರಷ್ಟು ಕಡಿಮೆಯಾಗಿತ್ತು. ಪ್ರತಿಯೊಬ್ಬರಿಗೂ ಅವರವರ ಕಡತದಲ್ಲಿ ಬಾಕಿಯಿದ್ದ ಕೆಲಸವನ್ನಷ್ಟೇ ನೆನಪಿಸುವಂತೆ ಸಂದೇಶಗಳನ್ನು ರೂಪಿಸಿದ್ದು, ಕಚೇರಿ ಮುಚ್ಚಿದ ಹೊತ್ತಿನಲ್ಲೂ ಉತ್ತರ ಸಿಗುತ್ತಿದ್ದುದು ಇದರ ವಿಶೇಷ. ಕಚೇರಿಯ ಕಿಟಕಿಯ ಮುಂದೆ ನಿಂತು ಕೇಳಲು ನಾಚುವ ಪ್ರಶ್ನೆಯನ್ನು ಬೆರಳ ತುದಿಯಿಂದ ಕೇಳುವುದು ಸುಲಭ.

ಇವೆಲ್ಲವುಗಳ ಒಟ್ಟು ಫಲವಾಗಿ ಪದವಿ ಪೂರೈಸುವವರ ಪ್ರಮಾಣ ಸುಮಾರು ಹತ್ತು ವರ್ಷಗಳಲ್ಲಿ ಶೇಕಡಾ 54ಕ್ಕೆ ಏರಿತು. ಅದಕ್ಕಿಂತ ಮುಖ್ಯವಾಗಿ, ಕರಿಯ, ಲ್ಯಾಟಿನೋ ಮತ್ತು ಕಡಿಮೆ ಆದಾಯದ ಕುಟುಂಬಗಳ ವಿದ್ಯಾರ್ಥಿಗಳು ಒಟ್ಟು ಸರಾಸರಿಗೆ ಸಮನಾಗಿ, ಕೆಲವೊಮ್ಮೆ ಅದನ್ನೂ ಮೀರಿ ಪದವಿ ಪಡೆಯತೊಡಗಿದರು. 2008ರ ಆರ್ಥಿಕ ಕುಸಿತದ ನಂತರ ಸರಕಾರದ ಅನುದಾನ ಕಡಿಮೆಯಾಗಿದ್ದ, ಬಡ ವಿದ್ಯಾರ್ಥಿಗಳ ಪ್ರಮಾಣ ಹೆಚ್ಚಿದ್ದ ಕಾಲದಲ್ಲಿಯೇ ಇದು ನಡೆಯಿತು ಎಂಬುದು ಗಮನಾರ್ಹ. ಪ್ರವೇಶದ ಮಾನದಂಡವನ್ನು ಬಿಗಿಗೊಳಿಸಿ ‘ಉತ್ತಮ’ರನ್ನು ಮಾತ್ರ ಒಳಗೆ ಬಿಟ್ಟು ಫಲಿತಾಂಶ ಹೆಚ್ಚಿಸಿಕೊಳ್ಳುವ ಸುಲಭದ ಹಾದಿಯನ್ನು ಆ ವಿಶ್ವವಿದ್ಯಾಲಯ ಹಿಡಿಯಲಿಲ್ಲ.

ಅದೇ ಕತ್ತಿಯ ಇನ್ನೊಂದು ಅಲಗು

ಅಂಕಿ-ಅಂಶ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎಂಬುದಕ್ಕೆ ಅದೇ ದೇಶದಲ್ಲಿ ನಿದರ್ಶನಗಳಿವೆ. ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಹೊಸ ವಿದ್ಯಾರ್ಥಿಗಳಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಳ್ಳಲಾಯಿತು. ಮುಂದೆ ಬಿಟ್ಟುಹೋಗಬಹುದಾದವರನ್ನು ಅದರಿಂದ ಗುರುತಿಸಿ, ಸರಕಾರಕ್ಕೆ ದಾಖಲಾತಿಯ ಲೆಕ್ಕ ಒಪ್ಪಿಸುವ ದಿನಕ್ಕೆ ಮೊದಲೇ ಅವರನ್ನು ಸಾಗಹಾಕುವ ಆಲೋಚನೆ ಆಡಳಿತದ ಮುಖ್ಯಸ್ಥರದಾಗಿತ್ತು. ಲೆಕ್ಕಕ್ಕೆ ಮೊದಲೇ ಹೋದವರು ‘ಬಿಟ್ಟುಹೋದವರ’ ಎಣಿಕೆಗೆ ಬರುವುದಿಲ್ಲವಷ್ಟೆ. ವಿದ್ಯಾರ್ಥಿ ಪತ್ರಿಕೆಯು 2016ರ ಆರಂಭದಲ್ಲಿ ಇದನ್ನು ಬಯಲಿಗೆಳೆಯಿತು. ಕೆಲವೇ ವಾರಗಳಲ್ಲಿ ಮುಖ್ಯಸ್ಥರು ರಾಜೀನಾಮೆ ನೀಡಬೇಕಾಯಿತು. ಅಪಾಯದಲ್ಲಿರುವವರನ್ನು ಗುರುತಿಸುವ ಕೆಲಸ ಎರಡೂ ಕಡೆ ಒಂದೇ. ಒಂದೆಡೆ ಗುರುತಿಸಿದ್ದು ಕೈಹಿಡಿಯಲು, ಇನ್ನೊಂದೆಡೆ ಕೈಬಿಡಲು.

ಇನ್ನೊಂದು ಅಪಾಯ ಇಷ್ಟು ಢಾಳಾಗಿ ಕಾಣುವುದಿಲ್ಲ. 2021ರಲ್ಲಿ ನಡೆದ ಪತ್ರಿಕಾ ತನಿಖೆಯೊಂದು, ವಿದ್ಯಾರ್ಥಿಗಳ ‘ಅಪಾಯದ ಮಟ್ಟ’ವನ್ನು ಲೆಕ್ಕಹಾಕುವ ತಂತ್ರಾಂಶಗಳಲ್ಲಿ ಕೆಲವು ವಿಶ್ವವಿದ್ಯಾಲಯಗಳು ಜನಾಂಗವನ್ನೂ ಒಂದು ಅಂಶವಾಗಿ ಸೇರಿಸಿದ್ದವೆಂದು ತೋರಿಸಿತು. ಹಿಂದೆ ಒಂದು ಸಮುದಾಯಕ್ಕೆ ಅನ್ಯಾಯವಾಗಿದ್ದರೆ ಹಳೆಯ ದಾಖಲೆಯಲ್ಲಿ ಆ ಸಮುದಾಯದವರ ಫಲಿತಾಂಶ ಕಡಿಮೆಯಾಗಿಯೇ ಇರುತ್ತದೆ. ಆ ದಾಖಲೆಯಿಂದ ಕಲಿತ ಯಂತ್ರ ಹೊಸ ವಿದ್ಯಾರ್ಥಿಯ ಹಣೆಯ ಮೇಲೂ ಅದೇ ಬರಹವನ್ನು ಬರೆಯುತ್ತದೆ. ಅದನ್ನು ನೋಡಿದ ಮಾರ್ಗದರ್ಶಕರು ‘ನಿನಗೆ ಗಣಿತ ಬೇಡ, ಸುಲಭದ ವಿಷಯ ತೆಗೆದುಕೋ’ ಎಂದು ಹೇಳಿದರೆ ನೆರವಿನ ಹೆಸರಿನಲ್ಲಿ ಹಳೆಯ ಅನ್ಯಾಯವೇ ಮುಂದುವರಿಯುತ್ತದೆ. ಈ ಕಾರಣದಿಂದ ವಿದ್ಯಾರ್ಥಿಯ ಹುಟ್ಟನ್ನು ಆಧರಿಸಿದ ಸೂಚನೆಗೂ ಹಾಜರಿ, ಅಂಕ, ನೋಂದಣಿಯಂಥ ಅವರ ಓದಿನ ನಡೆಯನ್ನು ಆಧರಿಸಿದ ಸೂಚನೆಗೂ ನಡುವೆ ಗೆರೆಯೆಳೆಯಬೇಕಾಗುತ್ತದೆ. ಸಂಸ್ಥೆ ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಸಮುದಾಯವಾರು ಲೆಕ್ಕ ಬೇಕೇ ಬೇಕು. ಒಬ್ಬ ವಿದ್ಯಾರ್ಥಿಯ ಭವಿಷ್ಯವನ್ನು ಅಳೆಯಲು ಅದೇ ಲೆಕ್ಕವನ್ನು ಬಳಸುವುದು ಸಲ್ಲದು.

ಹತ್ತನೆಯ ಮಗುವಿನ ಪ್ರಶ್ನೆ

ಅಂಕಿಗೂ ನ್ಯಾಯಕ್ಕೂ ಇರುವ ಈ ನಂಟು ಭಾಷಾ ಅಲ್ಪಸಂಖ್ಯಾತರಿಗೆ ಹೊಸದೇನೂ ಅಲ್ಲ. 1949ರ ಆಗಸ್ಟಿನಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಂದಿ ಆ ಭಾಷೆಯ ಮಕ್ಕಳಿದ್ದರೆ ಅವರಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಒದಗಿಸಬೇಕೆಂದು ನಿರ್ಣಯಿಸಿತು. 1956ರ ರಾಜ್ಯ ಪುನರ್ವಿಂಗಡಣೆಯ ಸಂದರ್ಭದಲ್ಲಿ ಸಂವಿಧಾನಕ್ಕೆ ಸೇರ್ಪಡೆಯಾದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಹೊಣೆಯನ್ನು ರಾಜ್ಯಗಳ ಮೇಲಿರಿಸಿತು. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಹುದ್ದೆಯನ್ನು ರೂಪಿಸಿತು. ಗಡಿಯಾಚೆಗಿನ ಕನ್ನಡ ಶಾಲೆಗಳ ಬದುಕು ಅಂದಿನಿಂದಲೂ ಇಂಥ ಎಣಿಕೆಗಳೊಡನೆ ಹೆಣೆದುಕೊಂಡಿದೆ.

ಈ ನಿಯಮದಲ್ಲಿ ಹತ್ತು ಎಂಬುದು ಒಂದು ಹೊಸ್ತಿಲು. ಒಂಬತ್ತೇ ಮಕ್ಕಳಿದ್ದ ತರಗತಿಯ ಮುಂದೆ ಎರಡು ಬಗೆಯ ಅಧಿಕಾರಿಗಳು ನಿಲ್ಲಬಹುದು. ಒಬ್ಬರು ಸಂಖ್ಯೆ ಸಾಲದೆಂದು ಬರೆದು ಕಡತ ಮುಚ್ಚುತ್ತಾರೆ. ಇನ್ನೊಬ್ಬರು ಹತ್ತನೆಯ ಮಗು ಎಲ್ಲಿ ಹೋಯಿತೆಂದು ಕೇಳುತ್ತಾರೆ: ಊರು ಬಿಟ್ಟಿತೆ, ಬೇರೆ ಮಾಧ್ಯಮಕ್ಕೆ ಸೇರಿತೆ, ಕನ್ನಡ ತರಗತಿ ಇರುವ ಸಂಗತಿಯೇ ತಾಯಿತಂದೆಯರಿಗೆ ತಿಳಿಯಲಿಲ್ಲವೆ? ಭಾಷಾ ಅಲ್ಪಸಂಖ್ಯಾತರ ರಕ್ಷಣಾ ವ್ಯವಸ್ಥೆಯಲ್ಲಿ ಶಾಲಾವರ್ಷಕ್ಕೆ ಮುನ್ನವೇ ಮಕ್ಕಳ ಭಾಷಾ ಆಯ್ಕೆಯನ್ನು ನೋಂದಾಯಿಸಿಕೊಳ್ಳುವ ಕ್ರಮವೂ, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಗಳೊಡನೆ ಹೊಂದಿಸಿಕೊಳ್ಳುವ ಕ್ರಮವೂ ಸೇರಿರುವುದು ಈ ಎರಡನೆಯ ಪ್ರಶ್ನೆಗೆ ಉತ್ತರವಾಗಿಯೇ. ಅಟ್ಲಾಂಟಾದ ಸಲಹೆಗಾರರು ಮಾಡಿದ್ದೂ ತತ್ತ್ವತಃ ಇದೇ ಕೆಲಸ: ಕೊರತೆ ಕಂಡಲ್ಲಿ ಕಡತ ಮುಚ್ಚದೆ ಹುಡುಕಿಕೊಂಡು ಹೋಗುವುದು.

ಸಣ್ಣ ತರಗತಿಗಳಿಗೆ ಇಲ್ಲಿ ಒಂದು ಅನುಕೂಲವೂ ಒಂದು ಎಚ್ಚರವೂ ಇದೆ. ಹದಿನೈದು ಮಂದಿಯ ಐಚ್ಛಿಕ ಕನ್ನಡ ತರಗತಿಯಲ್ಲಿ ಒಬ್ಬರು ಬಿಟ್ಟುಹೋದರೆ ಶೇಕಡಾ ಸುಮಾರು 7, ಇಬ್ಬರು ಹೋದರೆ 13. ಒಂದೆರಡು ಮನೆಗಳ ಕಷ್ಟವೇ ಇಡೀ ವಿಭಾಗದ ‘ಕುಸಿತ’ವಾಗಿ ಕಾಣುವಷ್ಟು ಈ ಶೇಕಡಾಮಾನಗಳು ಏರಿಳಿಯುತ್ತವೆ. ಇಂಥಲ್ಲಿ ಶೇಕಡಾ ಲೆಕ್ಕಕ್ಕಿಂತ ಹೆಸರಿನ ಪಟ್ಟಿ ಹೆಚ್ಚು ಹೇಳುತ್ತದೆ. ಸತತ ಮೂರು ದಿನ ಬಾರದವರು, ಮೊದಲ ಕಿರುಪರೀಕ್ಷೆಯಲ್ಲಿ ಅಂಚಿನಲ್ಲಿ ದಾಟಿದವರು, ವಿದ್ಯಾರ್ಥಿವೇತನದ ಅರ್ಜಿಯನ್ನು ಇನ್ನೂ ಸಲ್ಲಿಸದವರು ಎಂಬ ಮೂರು ಪಟ್ಟಿಗಳಿಗೆ ಯಾವ ತಂತ್ರಾಂಶವೂ ಬೇಕಾಗಿಲ್ಲ. ಕಾಲೇಜುಗಳ ಮೌಲ್ಯಮಾಪನ ನಡೆಸುವ ನ್ಯಾಕ್ ಸಂಸ್ಥೆಯು ಕಲಿಕಾ ಮಟ್ಟದ ಗುರುತಿಸುವಿಕೆಯನ್ನೂ ಮಾರ್ಗದರ್ಶಕ ವ್ಯವಸ್ಥೆಯನ್ನೂ ತನ್ನ ಮಾನದಂಡಗಳಲ್ಲಿ ಸೇರಿಸಿಕೊಂಡಿತ್ತು. ಆ ದಾಖಲೆ ಪರಿಶೀಲನಾ ತಂಡ ಬಂದಾಗ ಮಾತ್ರ ತೆರೆದುಕೊಳ್ಳುತ್ತದೆಯೆ ಅಥವಾ ಸೋಮವಾರದ ಬೆಳಗ್ಗೆ ಒಬ್ಬ ವಿದ್ಯಾರ್ಥಿಗೆ ಫೋನು ಮಾಡಲು ಬಳಕೆಯಾಗುತ್ತದೆಯೆ ಎಂಬುದು ಪ್ರತಿ ಸಂಸ್ಥೆಯೂ ತಾನೇ ಕೇಳಿಕೊಳ್ಳಬೇಕಾದ ಮಾತು. ಎಚ್ಚರದ ಮಾತೂ ಇಲ್ಲಿಯೇ ಇದೆ: ಸಣ್ಣ ಊರಿನ ಸಣ್ಣ ತರಗತಿಯಲ್ಲಿ ಯಾರ ಮನೆಯ ಕಷ್ಟವೂ ಬಹುಕಾಲ ಗುಟ್ಟಾಗಿ ಉಳಿಯುವುದಿಲ್ಲ. ಇಂಥ ಪಟ್ಟಿ ಅಧ್ಯಾಪಕರ ಕೈಯಲ್ಲಿರಬೇಕೇ ಹೊರತು ಸೂಚನಾ ಫಲಕದ ಮೇಲಲ್ಲ.

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಈ ಬಗೆಯ ಓದು ಪರಿಚಿತವಾಗಿಯೇ ತೋರಬಹುದು. ತಾಳೆಗರಿಯ ಕಟ್ಟಿನಲ್ಲಿ ಒಂದು ಗರಿ ಕಾಣೆಯಾಗಿದ್ದರೆ ಸಂಪಾದಕರು ಇದ್ದ ಗರಿಗಳನ್ನಷ್ಟೇ ಎಣಿಸಿ ಗ್ರಂಥ ಸಂಪೂರ್ಣವೆಂದು ಬರೆಯುವುದಿಲ್ಲ. ಎಲ್ಲಿ ತ್ರುಟಿತವಾಗಿದೆ, ಎಷ್ಟು ಪದ್ಯಗಳು ಹೋಗಿವೆ ಎಂದು ಗುರುತಿಸಿ, ಬೇರೆ ಪ್ರತಿಗಳಲ್ಲಿ ಹುಡುಕುತ್ತಾರೆ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದ ಹೆಸರಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು. ಗರಿ ಕಳೆದರೆ ಮತ್ತೊಂದು ಪ್ರತಿ ಸಿಕ್ಕೀತು. ಓದು ಬಿಟ್ಟುಹೋದ ವಿದ್ಯಾರ್ಥಿಗೆ ಪ್ರತಿಯಿಲ್ಲ.